ಮೊದಲ ಸಾಲನ್ನು ಬಾಯಿಪಾಠ ಮಾಡಿಸಬೇಡಿ

ಸಿ ಅಥವಾ ಸಿ ಪ್ಲಸ್ ಪ್ಲಸ್ ಪಾಠ ಯಾವ ತರಗತಿಯಲ್ಲಿ ನಡೆದರೂ ಕರಿಹಲಗೆಯ ಮೊದಲ ಸಾಲು ಒಂದೇ: ಹ್ಯಾಶ್ ಇನ್‌ಕ್ಲೂಡ್, ಅದರ ಮುಂದೆ ಒಂದು ಫೈಲಿನ ಹೆಸರು. "ಈ ಸಾಲು ಯಾಕ ಬರೀಬೇಕ್ರಿ ಸರ್?" ಎಂದು ವಿದ್ಯಾರ್ಥಿ ಕೇಳಿದರೆ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: "ಬರದ್ರ ಓಡ್ತದ, ಬರೀಲಿಲ್ಲಂದ್ರ ಓಡಂಗಿಲ್ಲ. ಬಾಯಿಪಾಠ ಮಾಡ್ರಿ." ಮುಂದೆ ಪಾಯಿಂಟರ್ ಬಂದಾಗಲೂ ಇದೇ ಕಥೆ. ನಕ್ಷತ್ರದ ಗುರುತು ಎಲ್ಲಿ ಹಾಕಬೇಕು ಎಂಬುದಷ್ಟೇ ಪಾಠವಾಗುತ್ತದೆ. ಅದು ಯಾವ ಜಾಗವನ್ನು ತೋರಿಸುತ್ತದೆ, ಆ ಜಾಗ ಯಾರದು, ಕೆಲಸ ಮುಗಿದ ಮೇಲೆ ಅದನ್ನು ಯಾರು ಬಿಟ್ಟುಕೊಡಬೇಕು ಎಂಬ ಮಾತು ಬರುವುದೇ ಇಲ್ಲ.

ಗಣಕ ವಿಜ್ಞಾನವನ್ನು ಒಂದು ವಿಷಯವಾಗಿ ಓದಿ ಬಿ.ಎಸ್ಸಿ. ಮುಗಿಸಿ ಬಂದವರು ನಮ್ಮ ತಂಡದಲ್ಲಿ ಹಲವರಿದ್ದೇವೆ. ನಮ್ಮ ಬೋಧನಾ ವಿಷಯ ಗಣಿತವೋ ವಿಜ್ಞಾನವೋ ಇರಬಹುದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಶಾಲೆ ಕಾಲೇಜುಗಳಿಗೆ ನಾಳೆ ಕೆಲಸಕ್ಕೆ ಹೋದಾಗ ಕಂಪ್ಯೂಟರ್ ಅವಧಿ ಎಂದರೆ ಬೆರಳು ನಮ್ಮ ಕಡೆಗೇ ತಿರುಗುತ್ತದೆ. ಆದ್ದರಿಂದ ಈ ಮಾತನ್ನು ಅಭ್ಯಾಸ ಬೋಧನೆಯ ಪತ್ರಿಕೆಯಲ್ಲೇ ಹೇಳಬೇಕೆನಿಸಿತು. ಕಂಪೈಲ್ ಮಾಡಿ ಓಡಿಸುವ ಭಾಷೆಯನ್ನು ಕಲಿಸುವಾಗ ಪ್ರತಿ ಪ್ರೋಗ್ರಾಮಿಗೂ ಎರಡು ಪ್ರಶ್ನೆ ಕೇಳಲೇಬೇಕು ಎಂಬುದು ನನ್ನ ವಾದ. ಒಂದು, ಇದರಲ್ಲಿ ನಾವು ಬರೆಯದೆ ಇರುವುದು ಏನಿದೆ, ಅದು ಎಲ್ಲಿಂದ ಬಂತು? ಎರಡು, ಇದಕ್ಕೆ ಎಷ್ಟು ಜಾಗ ಬೇಕು, ಆ ಜಾಗವನ್ನು ಮರಳಿಸುವವರು ಯಾರು? ಇವೆರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿಸಿದರೂ ವಿದ್ಯಾರ್ಥಿ ಕಲಿಯುವುದು ಪ್ರೋಗ್ರಾಮಿಂಗ್ ಅಲ್ಲ, ನಕಲು ಬರೆಯುವುದು.

ವೇಳಾಪಟ್ಟಿ ಬಸ್ಸಲ್ಲ

ಮೊದಲ ಪ್ರಶ್ನೆಯಿಂದ ಆರಂಭಿಸೋಣ. ಪರೀಕ್ಷೆಯ ಗೈಡುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾಕ್ಯವಿದೆ: ಎಸ್‌ಟಿಡಿಐಒ ಡಾಟ್ ಎಚ್ ಎಂಬ ಹೆಡರ್ ಫೈಲಿನಲ್ಲಿ ಪ್ರಿಂಟ್‌ಎಫ್ ಫಂಕ್ಷನ್ ಇರುತ್ತದೆ. ಇದು ಸರಿಯಲ್ಲ. ಹೆಡರ್ ಫೈಲಿನಲ್ಲಿ ಇರುವುದು ಘೋಷಣೆ ಮಾತ್ರ. ಈ ಹೆಸರಿನ ಫಂಕ್ಷನ್ ಒಂದಿದೆ, ಅದಕ್ಕೆ ಇಂಥ ಮೌಲ್ಯಗಳನ್ನು ಕೊಡಬೇಕು, ಅದು ಇಂಥದ್ದನ್ನು ಹಿಂತಿರುಗಿಸುತ್ತದೆ ಎಂಬಷ್ಟೇ ಮಾಹಿತಿ. ಅಕ್ಷರಗಳನ್ನು ಪರದೆಗೆ ಕಳಿಸುವ ನಿಜವಾದ ಕೆಲಸ ಮೊದಲೇ ಯಂತ್ರಭಾಷೆಗೆ ತಿರುಗಿಸಿಟ್ಟ ಲೈಬ್ರರಿಯಲ್ಲಿದೆ. ಕಂಪೈಲರ್ ಹೆಡರ್ ಓದಿ ನಮ್ಮ ಸಾಲುಗಳು ಸರಿಯಾಗಿವೆಯೇ ಎಂದು ನೋಡುತ್ತದೆ. ಆಮೇಲೆ ಲಿಂಕರ್ ಬಂದು ಲೈಬ್ರರಿಯನ್ನು ಹುಡುಕಿ ಜೋಡಿಸುತ್ತದೆ.

ಇದನ್ನು ಹೇಳಿಕೊಡಲು ದೂರ ಹೋಗಬೇಕಿಲ್ಲ. ಸಿಂದಗಿ ಬಸ್ ನಿಲ್ದಾಣದ ವೇಳಾಪಟ್ಟಿಯಲ್ಲಿ ಒಂದು ಊರಿನ ಹೆಸರೂ ಸಮಯವೂ ಬರೆದಿದೆ ಎಂದುಕೊಳ್ಳಿ. ಅದನ್ನು ನೋಡಿ ನಾವು ಪ್ರಯಾಣದ ಲೆಕ್ಕ ಹಾಕಬಹುದು. ಆದರೆ ವೇಳಾಪಟ್ಟಿಯ ಮೇಲೆ ಕುಳಿತು ಊರಿಗೆ ಹೋಗಲಾಗದು. ಬಸ್ಸು ಬರಬೇಕು. ಹೆಡರ್ ಎಂದರೆ ವೇಳಾಪಟ್ಟಿ, ಲೈಬ್ರರಿ ಎಂದರೆ ಬಸ್ಸು.

ವರ್ಗಮೂಲದ ಪ್ರೋಗ್ರಾಮಿನಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಲಿನಕ್ಸ್ ಯಂತ್ರದಲ್ಲಿ ಸಿ ಭಾಷೆಯಲ್ಲಿ, ಮ್ಯಾತ್ ಡಾಟ್ ಎಚ್ ಸೇರಿಸಿ, ಕೀಬೋರ್ಡಿನಿಂದ ಒಂದು ಸಂಖ್ಯೆ ಪಡೆದು ಅದರ ವರ್ಗಮೂಲ ತೆಗೆಯುವ ಪ್ರೋಗ್ರಾಂ ಬರೆಯಿರಿ. ಜಿಸಿಸಿಗೆ ಕೊಟ್ಟರೆ ಕಂಪೈಲ್ ಹಂತ ಸದ್ದಿಲ್ಲದೆ ದಾಟುತ್ತದೆ. ಕೊನೆಯಲ್ಲಿ 'ಅನ್‌ಡಿಫೈನ್ಡ್ ರೆಫರೆನ್ಸ್' ಎಂಬ ದೋಷ ಬರುತ್ತದೆ. ಹೆಡರ್ ಸೇರಿಸಿದ್ದೇವಲ್ಲ, ಮತ್ತೇಕೆ ದೋಷ? ಘೋಷಣೆ ಸಿಕ್ಕಿತು, ಗಣಿತದ ಲೈಬ್ರರಿ ಸಿಗಲಿಲ್ಲ. ಆಜ್ಞೆಯ ಸಾಲಿನ ಕೊನೆಗೆ ಒಂದು ಅಡ್ಡಗೆರೆ ಹಾಕಿ ಎಲ್, ಎಂ ಎಂಬೆರಡು ಅಕ್ಷರ ಸೇರಿಸಿದರೆ ಅದೇ ಪ್ರೋಗ್ರಾಂ ಓಡುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಕೀಬೋರ್ಡಿನಿಂದ ಪಡೆಯದೆ 16 ಎಂದು ನೇರವಾಗಿ ಬರೆದರೆ ಸಾಮಾನ್ಯವಾಗಿ ದೋಷವೇ ಬರುವುದಿಲ್ಲ, ಏಕೆಂದರೆ ಕಂಪೈಲರ್ ತಾನೇ 4 ಎಂದು ಲೆಕ್ಕ ಹಾಕಿಬಿಡುತ್ತದೆ, ಲೈಬ್ರರಿಯ ಅಗತ್ಯವೇ ಬೀಳುವುದಿಲ್ಲ. ಒಂದೇ ಪ್ರೋಗ್ರಾಮಿನ ಈ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಅರ್ಧ ಪುಟದ ವ್ಯಾಖ್ಯೆಗಿಂತ ಹೆಚ್ಚು ಅರ್ಥವಾಗುತ್ತದೆ.

ಲೈಬ್ರರಿ ಯಾರದು ಎಂಬ ಪ್ರಶ್ನೆಗೂ ಒಂದು ನಿದರ್ಶನ ನಮ್ಮ ಕೈಯಲ್ಲೇ ಇದೆ. ಪಿಯುಸಿಯಲ್ಲಿ ಸಿ ಪ್ಲಸ್ ಪ್ಲಸ್ ಓದಿದ ನಮ್ಮ ತಲೆಮಾರಿನವರಿಗೆ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆ ಚೆನ್ನಾಗಿ ನೆನಪಿದೆ. ಬೋರ್ಲ್ಯಾಂಡ್ ಕಂಪನಿ ಅದನ್ನು ಮೊದಲು ಹೊರತಂದದ್ದು 1990ರಲ್ಲಿ. ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅಂದರೆ ಮಾನಕಕ್ಕಿಂತ ಹಳೆಯದಾದ ಉಪಕರಣದಲ್ಲಿ ನಾವು ಕಲಿತೆವು. ಐಒಸ್ಟ್ರೀಮ್ ಎಂಬ ಹೆಸರಿನ ಮುಂದೆ ಡಾಟ್ ಎಚ್ ಬರೆಯುವುದು ಆ ಕಾಲದ ರೂಢಿ. ಪರದೆ ಒರೆಸುವ ಕ್ಲಿಯರ್ ಸ್ಕ್ರೀನ್ ಫಂಕ್ಷನ್ ಇದ್ದ ಕೊನಿಯೊ ಡಾಟ್ ಎಚ್ ಅಂತೂ ಸಿ ಭಾಷೆಯ ಮಾನಕದಲ್ಲೇ ಇಲ್ಲ. ಅದು ಆ ಕಂಪೈಲರಿನ ಜೊತೆಗೆ ಬಂದ ಸರಕು. ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಆ 16 ಬಿಟ್ ಉಪಕರಣ ತಾನಾಗಿ ಓಡುವುದಿಲ್ಲ. ಅದನ್ನು ಓಡಿಸಲೆಂದೇ ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶ ಬೇಕು.

ಪಿಯುಸಿಯಲ್ಲಿ ನೂರು ಅಂಕ ತೆಗೆದ ವಿದ್ಯಾರ್ಥಿ ಎಂಜಿನಿಯರಿಂಗ್ ಕಾಲೇಜಿನ ಲಿನಕ್ಸ್ ಪ್ರಯೋಗಾಲಯದಲ್ಲಿ ಅದೇ ಪ್ರೋಗ್ರಾಂ ಬರೆದರೆ ಮೊದಲ ಎರಡು ಸಾಲುಗಳೇ ತಪ್ಪು ಎಂದು ತೋರಿಸುತ್ತದೆ. ಆಗ ಅವನು "ನನಗ ಏನೂ ಬರಂಗಿಲ್ಲ" ಎಂದುಕೊಳ್ಳುತ್ತಾನೆ. ನಿಜವಾಗಿ ಅವನಿಗೆ ತರ್ಕ ಗೊತ್ತಿದೆ. ಯಾವುದು ಭಾಷೆಯದು, ಯಾವುದು ಆ ಒಂದು ಕಂಪೈಲರಿನದು ಎಂದು ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೇ. ಹಳ್ಳಿಯಿಂದ ಹೋದ ಹುಡುಗ ಹುಡುಗಿಯರು ಇಂಥ ಕಡೆ ಧೈರ್ಯ ಕಳೆದುಕೊಳ್ಳುವುದನ್ನು ನಾವು ಸಣ್ಣ ವಿಷಯ ಎಂದು ಬಿಡುವಂತಿಲ್ಲ.

ನಾಲ್ಕು ಊರು, ಇಪ್ಪತ್ತು ಮನೆ

ಈಗ ಎರಡನೆಯ ಪ್ರಶ್ನೆ, ಜಾಗದ್ದು. ಗಣಿತ ಕಲಿಸುವವರಿಗೆ ಹಿಡಿಸುವ ಉದಾಹರಣೆಯಿಂದ ತೊಡಗಬಹುದು. ಇಂಡಿಯ ಒಂದು ಲಿಂಬೆ ತೋಟದಲ್ಲಿ 200 ಗಿಡ, ಗಿಡಕ್ಕೆ 200 ಕಾಯಿ ಎಂದುಕೊಳ್ಳಿ. ಒಟ್ಟು 40,000 ಕಾಯಿ. ಟರ್ಬೊ ಸಿಯಲ್ಲಿ ಇಂಟ್ ಎಂಬ ಪೂರ್ಣಾಂಕಕ್ಕೆ 2 ಬೈಟ್ ಜಾಗ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಗುಣಾಕಾರದ ಉತ್ತರ ಋಣ 25,536 ಎಂದು ಬರುತ್ತದೆ. 40,000ದಿಂದ 65,536 ಕಳೆದು ನೋಡಿದರೆ ಕಾರಣ ತಿಳಿಯುತ್ತದೆ. ಇಂದಿನ ಜಿಸಿಸಿಯಲ್ಲಿ ಸಾಮಾನ್ಯವಾಗಿ ಇಂಟ್‌ಗೆ 4 ಬೈಟ್, ಅಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ. ಸೂತ್ರ ಒಂದೇ, ಪ್ರೋಗ್ರಾಂ ಒಂದೇ, ಜಾಗ ಬೇರೆಯಾದ್ದರಿಂದ ಉತ್ತರ ಬೇರೆ.

ಇದಕ್ಕಿಂತಲೂ ನಮ್ಮ ಮಕ್ಕಳಿಗೆ ಹತ್ತಿರವಾದ ಉದಾಹರಣೆ ನಮ್ಮ ಊರುಗಳ ಹೆಸರು. ಊರಿನ ಹೆಸರು ಇಡಲು 20 ಅಕ್ಷರದ ಒಂದು ಸರಣಿಯನ್ನು, ಅಂದರೆ ಅರೇಯನ್ನು, ಸಿಯಲ್ಲಿ ಘೋಷಿಸಿದ್ದೇವೆ ಎಂದುಕೊಳ್ಳೋಣ. ಹಲಗೆಯ ಮೇಲೆ 20 ಮನೆ ಬರೆಯಿರಿ. ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಒಂದು ಅಕ್ಷರಕ್ಕೆ ಒಂದು ಮನೆ, ಹೆಸರು ಮುಗಿಯಿತು ಎಂದು ತೋರಿಸುವ ಸೊನ್ನೆಗೆ ಇನ್ನೊಂದು ಮನೆ. ಇಂಡಿಗೆ 5, ಸಿಂದಗಿಗೆ 8, ಮುದ್ದೇಬಿಹಾಳಕ್ಕೆ 11, ನಡುವಿನ ಖಾಲಿ ಜಾಗವೂ ಸೇರಿ ಬಸವನ ಬಾಗೇವಾಡಿಗೆ 18. ನಾಲ್ಕೂ ಊರು 20 ಮನೆಯಲ್ಲಿ ಹಿಡಿದವು.

ಇನ್ನು ಕನ್ನಡದಲ್ಲಿ ಬರೆಯಿರಿ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕು. ಸಂಕೇತ ಎಂದರೆ ನಾವು ಎಣಿಸುವ ಅಕ್ಷರವಲ್ಲ. ಇಂಡಿ ಎಂಬಲ್ಲಿ ನಮ್ಮ ಕಣ್ಣಿಗೆ ಎರಡು ಅಕ್ಷರ. ಯಂತ್ರಕ್ಕೆ ಇ, ಸೊನ್ನೆ, ಡ, ಗುಡಿಸು ಎಂದು ನಾಲ್ಕು ಸಂಕೇತ. ಅಂದರೆ 12 ಬೈಟ್, ಕೊನೆಯ ಸೊನ್ನೆ ಸೇರಿ 13. ಸಿಂದಗಿಗೆ ಆರು ಸಂಕೇತ, 19 ಬೈಟ್. ಇವೆರಡು ಹಿಡಿಯುತ್ತವೆ. ಮುದ್ದೇಬಿಹಾಳದ ಒತ್ತಕ್ಷರ, ದೀರ್ಘ ಎಲ್ಲ ಬಿಡಿಸಿದರೆ 11 ಸಂಕೇತ, 34 ಬೈಟ್. ಬಸವನ ಬಾಗೇವಾಡಿಗೆ 12 ಸಂಕೇತ ಮತ್ತು ಒಂದು ಖಾಲಿ ಜಾಗ, 38 ಬೈಟ್. ಇವೆರಡೂ 20 ಮನೆಯಲ್ಲಿ ಹಿಡಿಯುವುದಿಲ್ಲ.

ಹಿಡಿಯದಿದ್ದರೆ ಏನಾಗುತ್ತದೆ? ಪಾಠದ ಜೀವ ಇರುವುದು ಈ ಪ್ರಶ್ನೆಯಲ್ಲಿ. ಹೆಸರನ್ನು ನಕಲು ಮಾಡುವ ಸ್ಟ್ರ್‌ಕಾಪಿ ಫಂಕ್ಷನ್ ಮನೆಗಳನ್ನು ಎಣಿಸುವುದಿಲ್ಲ. ಸೊನ್ನೆ ಸಿಗುವ ತನಕ ಬರೆಯುತ್ತಲೇ ಹೋಗುತ್ತದೆ, ಪಕ್ಕದ ಜಾಗದಲ್ಲಿ ಇನ್ನೊಂದು ಮೌಲ್ಯವಿದ್ದರೆ ಅದರ ಮೇಲೂ ಬರೆಯುತ್ತದೆ. ಅದೃಷ್ಟವಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ಎಚ್ಚರಿಸುತ್ತದೆ. ಇಲ್ಲದಿದ್ದರೆ ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಪರೀಕ್ಷಿಸಿದವರಿಗೆ ಈ ದೋಷ ಎಂದೂ ಕಾಣದು. ಕನ್ನಡದಲ್ಲಿ ಊರಿನ ಹೆಸರು ಬರೆದವರಿಗೇ ಅದು ಕಾಣುವುದು. ಪಠ್ಯದ ಉದಾಹರಣೆಗಳನ್ನು ಹಾಗೆಯೇ ಒಪ್ಪಿಸದೆ ನಮ್ಮ ಊರು, ನಮ್ಮ ಲಿಪಿ ಹಾಕಿ ಕಲಿಸಿ ಎಂದು ನಾನು ಹೇಳುವುದು ಬರೀ ಅಭಿಮಾನದ ಮಾತಲ್ಲ. ಇಲ್ಲಿ ಕನ್ನಡವೇ ಒಳ್ಳೆಯ ಪಾಠೋಪಕರಣ.

ಎರಡು ಪ್ರಶ್ನೆಗಳೂ ಇಲ್ಲಿಯೇ ಕೂಡುತ್ತವೆ. ಸ್ಟ್ರ್‌ಲೆನ್ ಫಂಕ್ಷನ್ನಿಗೆ ಇಂಡಿ ಎಂದು ಕೊಟ್ಟರೆ 12 ಎನ್ನುತ್ತದೆ. ಅದು ಬೈಟುಗಳ ಲೆಕ್ಕ. ಎರಡು ಎಂಬ ಉತ್ತರ, ಅಂದರೆ ಓದುವವರ ಲೆಕ್ಕ ಬೇಕಾದರೆ ಯೂನಿಕೋಡ್ ನಿಯಮಗಳನ್ನು ಬಲ್ಲ ಬೇರೆ ಲೈಬ್ರರಿ ಬೇಕು. ಐಸಿಯು ಎಂಬುದು ಅಂಥದ್ದೊಂದು. ದ, ಹಲಂತ, ದ, ಏಕಾರಗಳನ್ನು ಕೂಡಿಸಿ 'ದ್ದೇ' ಎಂದು ಸರಿಯಾಗಿ ಮೂಡಿಸಲು ಹಾರ್ಫ್‌ಬಜ್‌ನಂಥ ಇನ್ನೊಂದು ಲೈಬ್ರರಿ ಬೇಕು. ಕನ್ನಡದ ಒಂದು ಊರಿನ ಹೆಸರು ಮೊಬೈಲಿನಲ್ಲಿ ಕಾಣಬೇಕಾದರೂ ಯಾರೋ ಬರೆದ ಲೈಬ್ರರಿಗಳ ಮೇಲೆ ನಾವು ನಿಂತಿರುತ್ತೇವೆ.

ಎರವಲಿನ ಮನೆಯ ಬಿರುಕು

ಇವೆಲ್ಲ ಪರೀಕ್ಷೆಯ ಆಚೆಗೂ ಮುಖ್ಯವೇ ಎಂದು ಕೇಳುವವರಿಗೆ ಹಾರ್ಟ್‌ಬ್ಲೀಡ್ ಎಂಬ ದೋಷವನ್ನು ತೋರಿಸಬಹುದು. ಓಪನ್‌ಎಸ್‌ಎಸ್‌ಎಲ್ ಎಂಬುದು ಸಿ ಭಾಷೆಯಲ್ಲಿ ಬರೆದ ಲೈಬ್ರರಿ. ಅಂತರಜಾಲದಲ್ಲಿ ಪಾಸ್‌ವರ್ಡ್, ಹಣದ ವಿವರಗಳನ್ನು ಗುಪ್ತವಾಗಿ ಸಾಗಿಸಲು ಜಗತ್ತಿನಾದ್ಯಂತ ಅದನ್ನು ಎರವಲು ಪಡೆದಿದ್ದರು. 2012ರ ಮಾರ್ಚಿನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಒಂದು ಪರಿಶೀಲನೆ ತಪ್ಪಿಹೋಗಿತ್ತು. ಆಚೆಯವರು ಒಂದು ಚಿಕ್ಕ ಸಂದೇಶ ಕಳಿಸಿ, ಇದರ ಉದ್ದ ಇಷ್ಟು, ಇದನ್ನೇ ಮರಳಿ ಕಳಿಸು ಎನ್ನುತ್ತಾರೆ. ಹೇಳಿದ ಉದ್ದವೂ ನಿಜವಾದ ಉದ್ದವೂ ಒಂದೇ ಆಗಿವೆಯೇ ಎಂದು ಲೈಬ್ರರಿ ನೋಡುತ್ತಿರಲಿಲ್ಲ. ಸಂದೇಶ ಚಿಕ್ಕದಿದ್ದು ಹೇಳಿದ ಉದ್ದ ದೊಡ್ಡದಿದ್ದರೆ ಪಕ್ಕದ ಮೆಮೊರಿಯಲ್ಲಿದ್ದದ್ದನ್ನೂ ಸೇರಿಸಿ ಕಳಿಸುತ್ತಿತ್ತು, ಒಂದು ಸಲಕ್ಕೆ ಸುಮಾರು 64 ಕಿಲೋಬೈಟ್‌ವರೆಗೆ. ಇದು ಬಹಿರಂಗವಾದದ್ದು 2014ರ ಏಪ್ರಿಲ್ 7ರಂದು. ಎರಡು ವರ್ಷ ಅದು ಎಲ್ಲರ ನಡುವೆಯೇ ಇತ್ತು. ನಮ್ಮ 20 ಮನೆಯ ಉದಾಹರಣೆಯಲ್ಲಿ ಬರೆಯುವಾಗ ಗಡಿ ದಾಟಿತು, ಇಲ್ಲಿ ಓದುವಾಗ ದಾಟಿತು. ವ್ಯತ್ಯಾಸ ಅಷ್ಟೇ.

ಸರಿಪಡಿಸುವಾಗಲೂ ಲೈಬ್ರರಿಯ ಪಾಠ ಮುಂದೆ ಬಂತು. ಓಡುವ ಸಮಯದಲ್ಲಿ ಲೈಬ್ರರಿಯನ್ನು ಹುಡುಕಿಕೊಳ್ಳುವ ಪ್ರೋಗ್ರಾಮುಗಳಿಗೆ ಆ ಒಂದು ಲೈಬ್ರರಿಯನ್ನು ಬದಲಿಸಿ, ಪ್ರೋಗ್ರಾಮನ್ನು ಮತ್ತೆ ಆರಂಭಿಸಿದರೆ ಸಾಕು. ಲೈಬ್ರರಿಯ ನಕಲನ್ನು ತಮ್ಮೊಳಗೇ ಸೇರಿಸಿಕೊಂಡ ಪ್ರೋಗ್ರಾಮುಗಳನ್ನು ಒಂದೊಂದಾಗಿ ಮತ್ತೆ ಕಟ್ಟಬೇಕು. ಮೊದಲ ಬಗೆಗೆ ಡೈನಾಮಿಕ್ ಲಿಂಕಿಂಗ್, ಎರಡನೆಯದಕ್ಕೆ ಸ್ಟ್ಯಾಟಿಕ್ ಲಿಂಕಿಂಗ್ ಎನ್ನುತ್ತಾರೆ. ವ್ಯಾಖ್ಯೆ ಬರೆಸುವ ಬದಲು ಈ ಘಟನೆ ಹೇಳಿದರೆ ಎರಡರ ಲಾಭ ನಷ್ಟವನ್ನು ವಿದ್ಯಾರ್ಥಿಗಳೇ ಹೇಳುತ್ತಾರೆ.

ಹಗೇವಿನ ಲೆಕ್ಕ

ಜಾಗ ಪಡೆಯುವುದು, ಬಿಟ್ಟುಕೊಡುವುದು ಎಂಬ ಭಾಗವನ್ನು ವಿವರಿಸಲು ನಮ್ಮ ಕಡೆಯ ಹಗೇವಿಗಿಂತ ಒಳ್ಳೆಯ ಹೋಲಿಕೆ ನನಗೆ ಕಂಡಿಲ್ಲ. ನೆಲದಡಿ ಜೋಳ ಕೂಡಿಡುವ ಹಗೇವನ್ನು ಇಂದಿನ ಮಕ್ಕಳು ನೋಡಿರಲಿಕ್ಕಿಲ್ಲ, ಆದರೆ ಮನೆಯ ಅಜ್ಜ ಅಜ್ಜಿಯನ್ನು ಕೇಳಿ ಬರಬಹುದು. ಹಗೇವಿನ ಬಾಯಿ ಮುಚ್ಚಿ ಮೇಲೆ ಮಣ್ಣು ಹಾಕಿದ ಮೇಲೆ ಅದು ಎಲ್ಲಿದೆ ಎಂಬ ಗುರುತು ಮಾತ್ರ ನಮ್ಮ ಬಳಿ ಉಳಿಯುತ್ತದೆ. ಪಾಯಿಂಟರ್ ಎಂದರೆ ಆ ಗುರುತು. ಗುರುತು ಕಳೆದುಹೋದರೆ ಜೋಳವೂ ಸಿಗದು, ಆ ಜಾಗವೂ ಬೇರೆಯವರಿಗೆ ಒದಗದು. ಇದು ಮೆಮೊರಿ ಲೀಕ್. ಹಗೇವನ್ನು ಖಾಲಿ ಮಾಡಿ ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ ಹಳೆಯ ಗುರುತು ಹಿಡಿದು ಅಲ್ಲೇ ಅಗೆದರೆ ಇನ್ನೊಬ್ಬರ ಜೋಳಕ್ಕೆ ಕೈ ಹಾಕಿದಂತೆ. ಇದು ಡ್ಯಾಂಗ್ಲಿಂಗ್ ಪಾಯಿಂಟರ್.

ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಹೇಳಬೇಕು. ಪ್ರೋಗ್ರಾಂ ಮುಗಿದ ಕೂಡಲೇ ಆಪರೇಟಿಂಗ್ ಸಿಸ್ಟಂ ಅದರ ಎಲ್ಲ ಜಾಗವನ್ನು ತಾನೇ ಹಿಂದಕ್ಕೆ ಪಡೆಯುತ್ತದೆ. ತರಗತಿಯ ಪ್ರೋಗ್ರಾಂ ಕ್ಷಣದಲ್ಲಿ ಮುಗಿಯುವುದರಿಂದ ಡಿಲೀಟ್ ಬರೆಯದಿದ್ದರೂ ಯಾವ ತೊಂದರೆಯೂ ಕಾಣುವುದಿಲ್ಲ. ಹಗಲು ರಾತ್ರಿ ನಿಲ್ಲದೆ ಓಡುವ ಸರ್ವರಿನಲ್ಲಿ ಅದೇ ಚಾಳಿ ಇದ್ದರೆ ಜಾಗ ತುಂಬುತ್ತಾ ಬಂದು ಒಂದು ದಿನ ಇಡೀ ವ್ಯವಸ್ಥೆ ನಿಲ್ಲುತ್ತದೆ.

ಆಕ್ಷೇಪಗಳು

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು ಸಮಯ. ನಲವತ್ತು ನಿಮಿಷದ ಅವಧಿಯಲ್ಲಿ ಹಾಜರಿ, ಪೂರ್ವಜ್ಞಾನ ಪರೀಕ್ಷೆ, ಪಾಠ, ಮೌಲ್ಯಮಾಪನ ಎಲ್ಲ ಆಗಬೇಕು. ನಿಜ. ಆದರೆ ಅರ್ಥವಾಗದ ಸಾಲನ್ನು ಬಾಯಿಪಾಠ ಮಾಡಿಸಲು, ಮರೆತಾಗ ಮತ್ತೆ ಹೇಳಿಸಲು ಹೋಗುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯದು ಸೌಕರ್ಯ. ಎಷ್ಟೋ ಕಡೆ ಕಂಪ್ಯೂಟರ್ ಕೊಠಡಿಗೆ ಬೀಗ, ಇಲ್ಲವೇ ಕರೆಂಟಿಲ್ಲ. ಆದರೆ ಮೇಲೆ ಹೇಳಿದ 20 ಮನೆಯ ಪಾಠಕ್ಕೆ ಕಂಪ್ಯೂಟರ್ ಬೇಕಿಲ್ಲ, ಸೀಮೆಸುಣ್ಣ ಸಾಕು. ಅಂಗಳದಲ್ಲಿ ಮನೆ ಬರೆದು ಮಕ್ಕಳನ್ನೇ ನಿಲ್ಲಿಸಬಹುದು. ಇಪ್ಪತ್ತೊಂದನೆಯ ಹುಡುಗ ಎಲ್ಲಿ ನಿಲ್ಲಬೇಕು ಎಂದು ತರಗತಿಯೇ ಕೇಳುತ್ತದೆ.

ಮೂರನೆಯದು, ಈಗ ಎಲ್ಲೆಲ್ಲೂ ಪೈಥಾನ್ ಮಾತು, ಅಲ್ಲಿ ಮೆಮೊರಿಯ ತಲೆನೋವೇ ಇಲ್ಲವಲ್ಲ ಎಂಬುದು. ಪೈಥಾನ್‌ನಲ್ಲಿ ಜಾಗ ಮರಳಿಸುವ ಕೆಲಸವನ್ನು ಭಾಷೆಯೇ ನೋಡಿಕೊಳ್ಳುತ್ತದೆ, ಸರಿ. ಆದರೆ ಹೆಚ್ಚು ಬಳಕೆಯಲ್ಲಿರುವ ಪೈಥಾನ್ ಸ್ವತಃ ಸಿ ಭಾಷೆಯಲ್ಲಿ ಬರೆದದ್ದು. ಲೆಕ್ಕಾಚಾರಕ್ಕೆ ಬಳಸುವ ನಂಪೈ ಲೈಬ್ರರಿಯ ಒಳಗೂ ಕಂಪೈಲ್ ಮಾಡಿದ ಸಿ ಇದೆ. ಇಂಪೋರ್ಟ್ ಎಂಬ ಸಾಲು ಕೂಡ ಎರವಲಿನ ಸಾಲೇ. ರಸ್ಟ್ ಭಾಷೆಯನ್ನೂ ನೋಡಬಹುದು. 2015ರಲ್ಲಿ ಅದರ 1.0 ಆವೃತ್ತಿ ಬಂತು. ಒಂದು ಜಾಗದ ಒಡೆತನ ಯಾರದು ಎಂಬುದನ್ನು ಕಂಪೈಲ್ ಹಂತದಲ್ಲೇ ಪರಿಶೀಲಿಸುವುದು ಅದರ ಮೂಲ ವಿಚಾರ. ಅಂದರೆ ಹೊಸ ಭಾಷೆಗಳು ನಮ್ಮ ಎರಡು ಪ್ರಶ್ನೆಗಳನ್ನು ಅಳಿಸಿಲ್ಲ, ಉತ್ತರ ಕೊಡುವ ಹೊಣೆಯನ್ನು ಬೇರೆ ಕಡೆ ಇಟ್ಟಿವೆ.

ಮೂರು ಅವಧಿಯ ಒಂದು ಸಲಹೆ

ಬರೀ ಟೀಕೆ ಸಾಲದು, ಅಭ್ಯಾಸ ಬೋಧನೆಗೆ ತಕ್ಕ ಒಂದು ಯೋಜನೆಯನ್ನೂ ಮುಂದಿಡುತ್ತೇನೆ. ಮೊದಲ ಅವಧಿಯಲ್ಲಿ ವಿದ್ಯಾರ್ಥಿಗಳೇ ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ನನ್ನು ಘೋಷಿಸಿ, ಮೇನ್ ಒಳಗೆ ಕರೆಯಲಿ, ಅದರ ಒಡಲನ್ನು ಬರೆಯದೆ ಬಿಡಲಿ. ವರ್ಗಮೂಲದಲ್ಲಿ ಬಂದ ದೋಷವೇ ಇಲ್ಲಿಯೂ ಬರುತ್ತದೆ. ಒಡಲು ಬರೆದ ಕೂಡಲೇ ಹೋಗುತ್ತದೆ. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ ಒಡಲು ಎಂಬುದು ಆಗ ತಾನಾಗಿ ಹೊಳೆಯುತ್ತದೆ. ಎರಡನೆಯ ಅವಧಿ ನಾಲ್ಕು ಊರು ಮತ್ತು 20 ಮನೆಯದು. ಮಕ್ಕಳು ತಮ್ಮ ತಮ್ಮ ಊರಿನ ಹೆಸರಿಗೂ ಬೈಟ್ ಎಣಿಸಲಿ. ಮೂರನೆಯ ಅವಧಿಯಲ್ಲಿ ಹತ್ತು ಸಲ ತಿರುಗುವ ಲೂಪಿನೊಳಗೆ ನ್ಯೂ ಬಳಸಿ ಜಾಗ ಪಡೆದು, ಪ್ರತಿ ಸಲವೂ ಒಂದೇ ಪಾಯಿಂಟರಿನಲ್ಲಿ ವಿಳಾಸ ಇಡುವ ಪ್ರೋಗ್ರಾಮನ್ನು ಕಾಗದದ ಮೇಲೆ ಓಡಿಸಲಿ. ಕೊನೆಗೆ ಪಡೆದದ್ದು ಹತ್ತು ಜಾಗ, ಕೈಯಲ್ಲಿ ಉಳಿದದ್ದು ಒಂದೇ ವಿಳಾಸ. ಉಳಿದ ಒಂಬತ್ತು ಎಲ್ಲಿ ಹೋದವು ಎಂಬುದೇ ಅಂದಿನ ಚರ್ಚೆ. ಐದು 'ಇ'ಗಳ ಪಾಠಯೋಜನೆಗೆ ಈ ಮೂರೂ ಸುಲಭವಾಗಿ ಹೊಂದುತ್ತವೆ, ಏಕೆಂದರೆ ಮೂರರಲ್ಲೂ ವಿವರಣೆಗಿಂತ ಮೊದಲು ಪರಿಶೋಧನೆ ಬರುತ್ತದೆ.

ಮೌಲ್ಯಮಾಪನದ ಪ್ರಶ್ನೆಯೂ ಬದಲಾಗಲಿ. ವರ್ಗಮೂಲ ಕಂಡುಹಿಡಿಯುವ ಪ್ರೋಗ್ರಾಂ ಬರೆಯಿರಿ ಎನ್ನುವುದರ ಜೊತೆಗೆ, ಈ ಪ್ರೋಗ್ರಾಮಿನಲ್ಲಿ ನೀವು ಬರೆಯದ ಕೆಲಸಗಳು ಯಾವುವು, ಅವು ಎಲ್ಲಿಂದ ಬಂದವು ಎಂದು ಕೇಳೋಣ. ಉತ್ತರ ಎರಡೇ ಸಾಲು, ಆದರೆ ಬಾಯಿಪಾಠದಿಂದ ಬರುವಂಥದ್ದಲ್ಲ.

ಕೊನೆಯದಾಗಿ ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ವಿನಂತಿ. ಪರಸ್ಪರರ ಪಾಠ ವೀಕ್ಷಿಸುವಾಗ ನಾವು ಧ್ವನಿ, ಹಲಗೆಯ ಬರಹ, ಪ್ರಶ್ನೆ ಕೇಳುವ ಕೌಶಲ ಎಲ್ಲವನ್ನೂ ಗುರುತಿಸುತ್ತೇವೆ. ಇನ್ನು ಮುಂದೆ ಪ್ರೋಗ್ರಾಮಿಂಗ್ ಪಾಠವಿದ್ದಾಗ ಒಂದು ಸಾಲು ಹೆಚ್ಚಿಗೆ ಬರೆಯೋಣ: ಮೊದಲ ಸಾಲಿಗೆ ಶಿಕ್ಷಕರು ಕಾರಣ ಕೊಟ್ಟರೇ? ಕೊಟ್ಟಿದ್ದರೆ ಉಳಿದ ಸಾಲುಗಳನ್ನು ವಿದ್ಯಾರ್ಥಿಗಳು ಪ್ರಶ್ನಿಸುತ್ತಲೇ ಕಲಿಯುತ್ತಾರೆ.